ಕೋಡಿಂಗ್ ಬರುವುದಿಲ್ಲ, ವೆಬ್‌ಸೈಟ್ ಬೇಕು: ಯಾವ ಬಿಲ್ಡರ್ ಆರಿಸಲಿ?

ಪ್ರಶ್ನೆ: ನಮ್ಮದು ಮರದ ಫರ್ನಿಚರ್ ಮಾಡಿಕೊಡುವ ಸಣ್ಣ ಸಂಸ್ಥೆ. ಹೆಚ್ಚಿನ ಕೆಲಸ ಆರ್ಡರ್ ಮೇಲೆ. ಇಷ್ಟು ದಿನ ಸೋಷಿಯಲ್ ಮೀಡಿಯಾ ಪೇಜ್‌ನಲ್ಲೇ ನಡೆಸಿಕೊಂಡು ಬಂದೆವು. ಈಗ ಸ್ವಂತ ವೆಬ್‌ಸೈಟ್ ಮಾಡಬೇಕು ಅಂದುಕೊಂಡಿದ್ದೇವೆ. ನಮ್ಮಲ್ಲಿ ಯಾರಿಗೂ ಕೋಡಿಂಗ್ ಬರುವುದಿಲ್ಲ. ಒಬ್ಬರು ವಿಕ್ಸ್ ಅನ್ನುತ್ತಾರೆ, ಇನ್ನೊಬ್ಬರು ವರ್ಡ್‌ಪ್ರೆಸ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ, ಮತ್ತೊಬ್ಬರು ಶಾಪಿಫೈ. ಮುಂದೆ ಸಣ್ಣಪುಟ್ಟ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುವ ಆಸೆಯೂ ಇದೆ. ಯಾವುದನ್ನು ಆರಿಸಬೇಕು? ಉಚಿತ ಪ್ಲಾನ್‌ನಲ್ಲಿ ಶುರು ಮಾಡಬಹುದಾ? ಎಐ ತಾನೇ ಸೈಟ್ ಕಟ್ಟಿಕೊಡುತ್ತದಂತೆ, ಅದನ್ನು ನಂಬಬಹುದಾ?

ಉತ್ತರ: ಮೊದಲು ನೇರವಾದ ಉತ್ತರ. ನಿಮ್ಮ ಈಗಿನ ಕೆಲಸಕ್ಕೆ ವಿಕ್ಸ್ ಅಥವಾ ಸ್ಕ್ವೇರ್‌ಸ್ಪೇಸ್ ಥರದ ಬಿಲ್ಡರ್ (ಕೋಡ್ ಬರೆಯದೆ ಸೈಟ್ ಕಟ್ಟಿಕೊಳ್ಳುವ ಸೇವೆ) ಸಾಕು. ಶಾಪಿಫೈ ಸದ್ಯಕ್ಕೆ ಬೇಡ. ವರ್ಡ್‌ಪ್ರೆಸ್ ಒಳ್ಳೆಯದೇ, ಆದರೆ ಅದನ್ನು ನೋಡಿಕೊಳ್ಳಲು ನಿಮ್ಮ ಕಡೆ ಒಬ್ಬರು ಇರಬೇಕು. ಯಾವುದನ್ನೇ ಆರಿಸಿ, ಡೊಮೈನ್ ಹೆಸರನ್ನು (ಸೈಟ್‌ನ ವಿಳಾಸವಾಗುವ ಹೆಸರು) ಮಾತ್ರ ಬಿಲ್ಡರ್ ಕಂಪನಿಯಿಂದ ತೆಗೆದುಕೊಳ್ಳಬೇಡಿ. ಅದನ್ನು ಬೇರೆ ಕಡೆ, ನಿಮ್ಮದೇ ಹೆಸರಿನಲ್ಲಿ ಕೊಂಡುಕೊಳ್ಳಿ.

ಕಾರಣ ವಿವರವಾಗಿ ಹೇಳಬೇಕು, ಯಾಕೆಂದರೆ ಆಯ್ಕೆ ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಜನ ಬಿಲ್ಡರ್‌ನ ಮುಖಪುಟ ತೆರೆಯುತ್ತಾರೆ, ಟೆಂಪ್ಲೇಟ್‌ಗಳನ್ನು ನೋಡುತ್ತಾರೆ, ಒಂದು ಚಂದದ್ದು ಕಣ್ಣಿಗೆ ಬೀಳುತ್ತದೆ, ಅಲ್ಲಿಗೆ ತೀರ್ಮಾನ ಆಗಿಬಿಡುತ್ತದೆ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇನ್ನು ಮೂರು ವರ್ಷಕ್ಕೆ ನೀವು ಇಲ್ಲಿಂದ ಹೊರಡಬೇಕಾಗಿ ಬಂದರೆ ಏನೇನು ನಿಮ್ಮ ಜೊತೆ ಬರುತ್ತದೆ, ಏನೇನು ಅಲ್ಲೇ ಉಳಿಯುತ್ತದೆ?

ಹೊರಡುವ ಸಂದರ್ಭ ಯಾಕೆ ಬರುತ್ತದೆ ಅಂತ ನೀವು ಕೇಳಬಹುದು. ದರ ಏರುತ್ತದೆ. ನಿಮ್ಮ ವ್ಯಾಪಾರ ಬೆಳೆದು ಆ ಬಿಲ್ಡರ್ ಸಾಲದೆ ಹೋಗುತ್ತದೆ. ಕೆಲವೊಮ್ಮೆ ಸೇವೆಯೇ ನಿಂತುಹೋಗುತ್ತದೆ. ಇದು ಊಹೆಯ ಮಾತಲ್ಲ. ಅಡೋಬಿ ಮ್ಯೂಸ್ ಅಂತ ಒಂದು ಸಾಫ್ಟ್‌ವೇರ್ ಇತ್ತು, ಕೋಡ್ ಬರೆಯದೆ ಸೈಟ್ ಮಾಡಲಿಕ್ಕೆಂದೇ ಬಂದದ್ದು. 2018ರಲ್ಲಿ ಅದಕ್ಕೆ ಹೊಸದನ್ನು ಸೇರಿಸುವುದನ್ನು ಕಂಪನಿ ನಿಲ್ಲಿಸಿತು, 2020ರ ಮಾರ್ಚ್‌ನಲ್ಲಿ ಬೆಂಬಲವೂ ಮುಗಿಯಿತು. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಉಚಿತವಾಗಿ ಸಿಗುತ್ತಿದ್ದ ಪುಟ್ಟ ವೆಬ್‌ಸೈಟ್‌ಗಳು 2024ರ ಮಾರ್ಚ್‌ನಲ್ಲಿ ಬಂದ್ ಆದವು. ಅದೊಂದನ್ನೇ ನೆಚ್ಚಿಕೊಂಡಿದ್ದವರು ಹೊಸ ಸೈಟನ್ನು ಮೊದಲಿನಿಂದ ಕಟ್ಟಬೇಕಾಯಿತು. ದೊಡ್ಡ ಹೆಸರಿನ ಕಂಪನಿ ಅನ್ನುವುದು ಇಲ್ಲಿ ಖಾತರಿ ಕೊಡುವುದಿಲ್ಲ.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಘಟನೆ ಇಟ್ಟು ನೋಡಿ. 2023ರಲ್ಲಿ ಗೂಗಲ್ ತನ್ನ ಡೊಮೈನ್ ಮಾರುವ ವ್ಯವಹಾರವನ್ನು ಸ್ಕ್ವೇರ್‌ಸ್ಪೇಸ್‌ಗೆ ಮಾರಿತು. ಗ್ರಾಹಕರ ಖಾತೆಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದವು. ಆದರೆ ಡೊಮೈನ್ ಹೆಸರುಗಳು ಯಾರ ಹೆಸರಿನಲ್ಲಿದ್ದವೋ ಅವರದ್ದಾಗಿಯೇ ಉಳಿದವು. ಬೇಡ ಅನಿಸಿದವರು ಮೂರನೇ ಕಂಪನಿಗೆ ವರ್ಗಾಯಿಸಿಕೊಳ್ಳಬಹುದಿತ್ತು. ಡೊಮೈನ್ ಅನ್ನುವುದು ಒಂದು ಕಂಪನಿಯೊಳಗೆ ಸಿಕ್ಕಿಕೊಳ್ಳದ ಹಾಗೆ ನಿಯಮಗಳೇ ಇವೆ. ಬಿಲ್ಡರ್‌ನಲ್ಲಿ ಕಟ್ಟಿದ ಸೈಟ್‌ಗೆ ಅಂಥ ನಿಯಮ ಯಾವುದೂ ಇಲ್ಲ.

ಹಾಗಾಗಿ ಡೊಮೈನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸೈಟ್ ಮಾಡಿಕೊಡುವ ಪರಿಚಯದವರ ಖಾತೆಯಲ್ಲಿ, ಅವರ ಇಮೇಲ್ ಹಾಕಿ ಡೊಮೈನ್ ಕೊಳ್ಳುವುದು ತುಂಬಾ ಸಾಮಾನ್ಯ. ಆ ಹೊತ್ತಿಗೆ ಅದೇ ಸುಲಭ ಅನಿಸುತ್ತದೆ. ಅವರು ಕೆಲಸ ಬಿಟ್ಟು ಹೋದ ಮೇಲೆ, ಫೋನ್ ನಂಬರ್ ಬದಲಾದ ಮೇಲೆ, ನಿಮ್ಮ ಹೆಸರಿನ ವಿಳಾಸ ನಿಮ್ಮ ಕೈಗೆ ಸಿಗುವುದಿಲ್ಲ. ಹಣ ಕೊಟ್ಟ ರಸೀದಿ ಇದ್ದರೂ ಅದನ್ನು ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು. ನೋಂದಣಿಯ ಮಾಲೀಕರ ಜಾಗದಲ್ಲಿ ನಿಮ್ಮ ಅಥವಾ ಸಂಸ್ಥೆಯ ಹೆಸರು ಇರಬೇಕು. ಲಾಗಿನ್ ನಿಮ್ಮ ಹತ್ತಿರ ಇರಬೇಕು. ಎರಡು ಹಂತದ ದೃಢೀಕರಣ ಆನ್ ಆಗಿರಬೇಕು.

ಅಲ್ಲಿ ಕೊಡುವ ಇಮೇಲ್ ಯಾವುದು ಅನ್ನುವುದೂ ಮುಖ್ಯ. ಅದೇ ಡೊಮೈನ್ ಮೇಲೆ ಮಾಡಿಕೊಂಡ ಇಮೇಲನ್ನು ಕೊಡಬೇಡಿ. ಕಾರ್ಡ್ ಅವಧಿ ಮುಗಿದು ನವೀಕರಣ ಆಗದೆ ಹೋದರೆ ಡೊಮೈನ್ ನಿಲ್ಲುತ್ತದೆ. ಅದರ ಜೊತೆ ಆ ಇಮೇಲೂ ನಿಲ್ಲುತ್ತದೆ. ಆಗ 'ನವೀಕರಿಸಿ' ಅನ್ನುವ ಎಚ್ಚರಿಕೆಯೂ ನಿಮಗೆ ತಲುಪುವುದಿಲ್ಲ. ಡಾಟ್ ಕಾಮ್‌ನಂಥ ಹೆಸರುಗಳನ್ನು ಅವಧಿ ಮುಗಿದ ಕೂಡಲೇ ಬೇರೆಯವರು ಕಸಿದುಕೊಳ್ಳಲು ಆಗುವುದಿಲ್ಲ. ನೋಂದಣಿ ಅಳಿಸಿಹೋದ ಮೇಲೂ ಹಿಂದಕ್ಕೆ ಪಡೆಯಲು 30 ದಿನದ ಅವಕಾಶ ಇರುತ್ತದೆ. ಆದರೆ ಆಗ ಕೊಡಬೇಕಾದ ಶುಲ್ಕ ಮಾಮೂಲಿ ನವೀಕರಣಕ್ಕಿಂತ ತುಂಬಾ ಜಾಸ್ತಿ. ಹಲವು ವರ್ಷಕ್ಕೆ ಒಟ್ಟಿಗೆ ನವೀಕರಿಸಿಬಿಟ್ಟರೆ ಈ ಗೋಜಲೇ ಇರುವುದಿಲ್ಲ.

ವಾರ್ಷಿಕ ಪ್ಲಾನ್ ಕೊಂಡರೆ ಮೊದಲ ವರ್ಷ ಡೊಮೈನ್ ಉಚಿತ ಅಂತ ಬಿಲ್ಡರ್‌ಗಳು ಆಸೆ ತೋರಿಸುತ್ತಾರೆ. ಅದು ಮೋಸವೇನೂ ಅಲ್ಲ. ಆದರೂ ನನ್ನ ಸಲಹೆ ಬೇರೆ ಇಡಿ ಅಂತಲೇ. ಬಿಲ್ಡರ್ ಜೊತೆ ಏನಾದರೂ ಜಗಳವಾದರೆ, ಖಾತೆ ಲಾಕ್ ಆದರೆ, ಸೈಟ್ ಮತ್ತು ಹೆಸರು ಎರಡೂ ಒಟ್ಟಿಗೆ ಸಿಕ್ಕಿಬೀಳುತ್ತವೆ. ಹೊಸದಾಗಿ ಕೊಂಡ ಡೊಮೈನನ್ನು ಮೊದಲ 60 ದಿನ ಸಾಮಾನ್ಯವಾಗಿ ಬೇರೆ ಕಂಪನಿಗೆ ವರ್ಗಾಯಿಸಲೂ ಬರುವುದಿಲ್ಲ.

ಬೇರೆ ಕಡೆ ಕೊಂಡ ಡೊಮೈನನ್ನು ಬಿಲ್ಡರ್‌ಗೆ ಜೋಡಿಸುವಾಗ ಒಂದು ಕಡೆ ಹುಷಾರಾಗಿರಿ. ಜೋಡಿಸಲು ಎರಡು ದಾರಿ ಇರುತ್ತದೆ. ಒಂದು, ನೇಮ್ ಸರ್ವರ್‌ಗಳನ್ನೇ (ಡೊಮೈನ್‌ನ ದಾಖಲೆಗಳನ್ನು ಇಟ್ಟುಕೊಳ್ಳುವ ಸರ್ವರ್‌ಗಳು) ಬದಲಿಸಿ ಪೂರ್ತಿ ನಿಯಂತ್ರಣವನ್ನು ಬಿಲ್ಡರ್‌ಗೆ ಕೊಡುವುದು. ಇನ್ನೊಂದು, ಸೈಟ್‌ಗೆ ಬೇಕಾದ ಒಂದೆರಡು ಡಿಎನ್‌ಎಸ್ ದಾಖಲೆಗಳನ್ನು (ಡೊಮೈನ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಸಾಲುಗಳು) ಮಾತ್ರ ಬದಲಿಸುವುದು. ಈಗಾಗಲೇ ಆ ಡೊಮೈನ್ ಮೇಲೆ ಇಮೇಲ್ ನಡೆಯುತ್ತಿದ್ದರೆ ಎರಡನೇ ದಾರಿ ಹಿಡಿಯಿರಿ. ನೇಮ್ ಸರ್ವರ್ ಬದಲಿಸಿದಾಗ ಇಮೇಲ್‌ಗೆ ದಾರಿ ತೋರಿಸುವ ಎಂಎಕ್ಸ್ ದಾಖಲೆಗಳನ್ನು ಹೊಸ ಜಾಗದಲ್ಲೂ ಹಾಕಬೇಕು. ಅದನ್ನು ಮರೆತರೆ ಸೈಟ್ ಚೆನ್ನಾಗಿ ತೆರೆಯುತ್ತದೆ, ಇಮೇಲ್ ಮಾತ್ರ ಸದ್ದಿಲ್ಲದೆ ನಿಂತಿರುತ್ತದೆ. ಗ್ರಾಹಕರು ಕಳಿಸಿದ್ದು ನಿಮಗೆ ಬಂದಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಎಷ್ಟೋ ದಿನ ಆಗಿರುತ್ತದೆ.

ಇನ್ನು ಸೈಟ್‌ನೊಳಗಿನ ಸರಕು. ಇಲ್ಲಿ ಒಂದೊಂದು ಬಿಲ್ಡರ್‌ನ ಸ್ವಭಾವ ಒಂದೊಂದು ಥರ.

ವಿಕ್ಸ್‌ನಲ್ಲಿ ಕಟ್ಟಿದ ಸೈಟ್ ವಿಕ್ಸ್‌ನ ಸರ್ವರ್‌ಗಳಲ್ಲೇ ಓಡಬೇಕು. ಇಡೀ ಸೈಟನ್ನು ಎತ್ತಿಕೊಂಡು ಬೇರೆ ಕಡೆ ಇಡಲು ಬರುವುದಿಲ್ಲ. ಉತ್ಪನ್ನಗಳ ಪಟ್ಟಿ, ಗ್ರಾಹಕರ ಸಂಪರ್ಕಗಳು ಇಂಥವನ್ನು ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಇಳಿಸಿಕೊಳ್ಳಬಹುದು. ಪುಟಗಳ ವಿನ್ಯಾಸ ಬರುವುದಿಲ್ಲ. ಸ್ಕ್ವೇರ್‌ಸ್ಪೇಸ್ ಕೆಲವು ಬಗೆಯ ಪುಟಗಳನ್ನೂ ಬ್ಲಾಗ್ ಬರಹಗಳನ್ನೂ ವರ್ಡ್‌ಪ್ರೆಸ್ ಓದಬಲ್ಲ ಕಡತವಾಗಿ ಕೊಡುತ್ತದೆ. ಅಲ್ಲೂ ವಿನ್ಯಾಸ ಬರುವುದಿಲ್ಲ. ವೆಬ್‌ಫ್ಲೋ ಅನ್ನುವ ಇನ್ನೊಂದು ಬಿಲ್ಡರ್ ಹಣ ಕೊಟ್ಟ ಪ್ಲಾನ್‌ಗಳಲ್ಲಿ ಪುಟಗಳ ಕೋಡನ್ನೇ ಇಳಿಸಿಕೊಳ್ಳಲು ಬಿಡುತ್ತದೆ. ಕೇಳಲು ತುಂಬಾ ಚೆನ್ನಾಗಿದೆ, ಅಲ್ವಾ? ಆದರೆ ಹಾಗೆ ಇಳಿಸಿದ ಸೈಟ್‌ನಲ್ಲಿ ಫಾರ್ಮ್‌ಗಳಾಗಲಿ ಅಂಗಡಿಯಾಗಲಿ ಕೆಲಸ ಮಾಡುವುದಿಲ್ಲ. ಅವು ವೆಬ್‌ಫ್ಲೋದ ಸರ್ವರ್ ಇದ್ದರಷ್ಟೇ ಓಡುವಂಥವು. ಶಾಪಿಫೈಯಿಂದ ಉತ್ಪನ್ನ, ಗ್ರಾಹಕ, ಆರ್ಡರ್ ಮೂರೂ ಸಿಎಸ್‌ವಿ ಆಗಿ ಸಿಗುತ್ತವೆ, ಥೀಮ್ (ಸೈಟ್‌ನ ವಿನ್ಯಾಸ) ಮಾತ್ರ ಶಾಪಿಫೈ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ನಿಮ್ಮದೇ ಹೋಸ್ಟಿಂಗ್‌ನಲ್ಲಿ (ಸೈಟ್ ಇಡಲು ಬಾಡಿಗೆಗೆ ಪಡೆದ ಸರ್ವರ್ ಜಾಗ) ಹಾಕಿಕೊಂಡ ವರ್ಡ್‌ಪ್ರೆಸ್ ಒಂದನ್ನು ಮಾತ್ರ ಕಡತ, ಡೇಟಾಬೇಸ್ ಸಮೇತ ಪೂರ್ತಿಯಾಗಿ ಇನ್ನೊಂದು ಹೋಸ್ಟಿಂಗ್‌ಗೆ ಸಾಗಿಸಬಹುದು. ವರ್ಡ್‌ಪ್ರೆಸ್ ಬಿಟ್ಟು ಬೇಡ ಅನ್ನುವವರ ಹತ್ತಿರ ಇರುವ ದೊಡ್ಡ ವಾದ ಇದೇ. ಅದು ಸರಿಯಾದ ವಾದ.

ವಿಕ್ಸ್‌ನಿಂದ ಹೊರಬರಲು ಇಷ್ಟು ಕಷ್ಟ ಇದ್ದರೂ ನಿಮಗೆ ಅದನ್ನೂ ಯಾಕೆ ಹೇಳಿದೆ? ನಿಮ್ಮ ಸೈಟ್ ಚಿಕ್ಕದು. ಹತ್ತು ಹನ್ನೆರಡು ಪುಟ, ಒಂದಷ್ಟು ಫೋಟೋ. ಅಷ್ಟನ್ನು ಹೊಸ ಜಾಗದಲ್ಲಿ ಮತ್ತೆ ಜೋಡಿಸಲು ಕೆಲವು ದಿನ ಸಾಕು. ಆದರೆ ಒಂದು ಅಭ್ಯಾಸ ಬೇಕು. ಸೈಟ್‌ಗೆ ಹಾಕುವ ಪ್ರತಿ ಬರಹವನ್ನೂ ಪ್ರತಿ ಫೋಟೋವಿನ ದೊಡ್ಡ ಅಳತೆಯ ಮೂಲವನ್ನೂ ಮೊದಲು ನಿಮ್ಮದೇ ಫೋಲ್ಡರ್‌ನಲ್ಲಿ ಇಡಿ, ಆಮೇಲೆ ಸೈಟ್‌ಗೆ ಹಾಕಿ. ಬಿಲ್ಡರ್‌ನೊಳಗೇ ಟೈಪ್ ಮಾಡಿ ಅಲ್ಲೇ ಬಿಟ್ಟರೆ ಮುಂದೆ ಒಂದೊಂದೇ ಪುಟ ತೆರೆದು ನಕಲು ಮಾಡಿಕೊಳ್ಳಬೇಕಾಗುತ್ತದೆ. ನೂರಾರು ಬರಹಗಳ ದೊಡ್ಡ ಸೈಟ್ ಕಟ್ಟುವ ಯೋಚನೆ ಇದ್ದಿದ್ದರೆ ನನ್ನ ಉತ್ತರವೂ ಬೇರೆ ಇರುತ್ತಿತ್ತು.

ವರ್ಡ್‌ಪ್ರೆಸ್ ವಿಷಯಕ್ಕೆ ಬಂದರೆ ಮೊದಲು ಒಂದು ಗೊಂದಲ ತೀರಿಸಬೇಕು. ವರ್ಡ್‌ಪ್ರೆಸ್ ಅನ್ನುವ ಹೆಸರಿನಲ್ಲಿ ಎರಡು ಇವೆ. 2003ರಲ್ಲಿ ಶುರುವಾದ ಉಚಿತ, ಮುಕ್ತ ಸಾಫ್ಟ್‌ವೇರ್ ಒಂದು. ಅದನ್ನು ನೀವೇ ಹೋಸ್ಟಿಂಗ್ ಕೊಂಡು ಹಾಕಿಕೊಳ್ಳಬೇಕು. ಇನ್ನೊಂದು ವರ್ಡ್‌ಪ್ರೆಸ್ ಡಾಟ್ ಕಾಮ್, ಆಟೋಮ್ಯಾಟಿಕ್ ಕಂಪನಿ ನಡೆಸುವ ಸೇವೆ. ಅಲ್ಲಿ ಹೋಸ್ಟಿಂಗ್ ಅವರದ್ದೇ, ಪ್ಲಾನ್‌ಗಳೂ ವಿಕ್ಸ್‌ನ ಹಾಗೆಯೇ ಇರುತ್ತವೆ. ನಿಮಗೆ ಸಲಹೆ ಕೊಟ್ಟವರು ಯಾವುದನ್ನು ಹೇಳಿದರು ಅಂತ ಕೇಳಿ ನೋಡಿ.

ಮೊದಲನೆಯದರಲ್ಲಿ ಸ್ವಾತಂತ್ರ್ಯ ಪೂರ್ತಿ, ಹೊಣೆಯೂ ಪೂರ್ತಿ. ವರ್ಡ್‌ಪ್ರೆಸ್, ಥೀಮ್, ಪ್ಲಗಿನ್ (ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಮೂರಕ್ಕೂ ಆಗಾಗ ಅಪ್‌ಡೇಟ್ ಬರುತ್ತಿರುತ್ತದೆ. ವರ್ಡ್‌ಪ್ರೆಸ್ ಸೈಟ್‌ಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ಹಳೆಯ ಪ್ಲಗಿನ್‌ಗಳಲ್ಲಿ ಉಳಿದುಕೊಂಡ ದೋಷಗಳಿಂದ. ಅಪ್‌ಡೇಟ್ ಹಾಕಿದರೆ ಕೆಲವೊಮ್ಮೆ ಒಂದು ಪ್ಲಗಿನ್‌ಗೂ ಇನ್ನೊಂದಕ್ಕೂ ಹೊಂದಾಣಿಕೆ ತಪ್ಪುತ್ತದೆ. ಆಗ ಬ್ಯಾಕಪ್‌ನಿಂದ ಹಿಂದಕ್ಕೆ ತರಲು ಗೊತ್ತಿರಬೇಕು. ನಿಮ್ಮ ತಂಡದಲ್ಲಿ ಈ ಕೆಲಸವನ್ನು ಇಷ್ಟಪಟ್ಟು ಮಾಡುವ ಒಬ್ಬರಿದ್ದರೆ, ಅಥವಾ ತಿಂಗಳಿಗೆ ಇಷ್ಟು ಅಂತ ಕೊಟ್ಟು ಒಬ್ಬರನ್ನು ಗೊತ್ತುಮಾಡಿಕೊಳ್ಳಲು ಆದರೆ, ವರ್ಡ್‌ಪ್ರೆಸ್ ಆರಿಸಿ. ಯಾರೂ ಇಲ್ಲ ಅಂದರೆ ಬೇಡ. ಅಪ್‌ಡೇಟ್ ಕಾಣದ ವರ್ಡ್‌ಪ್ರೆಸ್ ಸೈಟ್‌ಗಿಂತ ಸಾಧಾರಣ ಬಿಲ್ಡರ್‌ನಲ್ಲಿ ಮಾಡಿದ ಅಚ್ಚುಕಟ್ಟಾದ ಸೈಟ್ ಎಷ್ಟೋ ಮೇಲು.

ಶಾಪಿಫೈ ಯಾಕೆ ಬೇಡ ಅಂದೆ? ಅದು ಹುಟ್ಟಿದ್ದೇ ಅಂಗಡಿಗಾಗಿ. ಅದರ ಸಂಸ್ಥಾಪಕರು ಸ್ನೋಬೋರ್ಡ್ ಮಾರಲು ತಮಗೇ ಅಂತ ಮಾಡಿಕೊಂಡಿದ್ದ ಆನ್‌ಲೈನ್ ಅಂಗಡಿಯಿಂದ ಬೆಳೆದು 2006ರಲ್ಲಿ ಸೇವೆಯಾಗಿ ಹೊರಬಂತು. ಸ್ಟಾಕ್ ಲೆಕ್ಕ, ಸಾಗಣೆ ದರ, ತೆರಿಗೆ, ರಿಟರ್ನ್, ರಿಯಾಯಿತಿ ಕೋಡ್, ಇವುಗಳಲ್ಲಿ ಅದು ಗಟ್ಟಿಗ. ನಿಮ್ಮ ವ್ಯಾಪಾರದಲ್ಲಿ ಗ್ರಾಹಕರು 'ಕಾರ್ಟ್‌ಗೆ ಸೇರಿಸಿ' ಒತ್ತುವುದಿಲ್ಲ. ಅವರು ಅಳತೆ ಹೇಳುತ್ತಾರೆ, ಮರ ಯಾವುದು ಕೇಳುತ್ತಾರೆ, ನೀವು ದರ ಹೇಳುತ್ತೀರಿ, ಮಾತುಕತೆ ಆಗುತ್ತದೆ. ಉಪಯೋಗಿಸದ ಅಂಗಡಿಗೆ ಪ್ರತಿ ತಿಂಗಳು ಯಾಕೆ ಹಣ ಕಟ್ಟಬೇಕು? ಸಣ್ಣ ವಸ್ತುಗಳನ್ನು ಮಾರುವ ಯೋಚನೆ ಬಂದಾಗ ಮೊದಲು ಈಗಿನ ಬಿಲ್ಡರ್‌ನಲ್ಲೇ ಇರುವ ಅಂಗಡಿ ವಿಭಾಗದಲ್ಲಿ ನಾಲ್ಕೈದು ವಸ್ತು ಇಟ್ಟು ನೋಡಿ. ಆರ್ಡರ್‌ಗಳು ಹೆಚ್ಚಿ ಸ್ಟಾಕ್ ಲೆಕ್ಕ ಕೈಮೀರಿದಾಗ ಶಾಪಿಫೈಗೆ ಹೋಗಬಹುದು. ಆಗಲೂ ಒಂದನ್ನು ವಿಚಾರಿಸಿ: ಶಾಪಿಫೈನದೇ ಪಾವತಿ ಸೇವೆಯಾದ ಶಾಪಿಫೈ ಪೇಮೆಂಟ್ಸ್ ನಿಮ್ಮ ದೇಶದಲ್ಲಿ ಇದೆಯಾ? ಅದನ್ನು ಬಿಟ್ಟು ಬೇರೆ ಪೇಮೆಂಟ್ ಗೇಟ್‌ವೇ (ಆನ್‌ಲೈನ್‌ನಲ್ಲಿ ಹಣ ಪಡೆದುಕೊಡುವ ಸೇವೆ) ಬಳಸಿದರೆ ಗೇಟ್‌ವೇಯ ಶುಲ್ಕದ ಮೇಲೆ ಶಾಪಿಫೈ ಕೂಡ ಪ್ರತಿ ವ್ಯವಹಾರಕ್ಕೆ ಒಂದಿಷ್ಟು ಶೇಕಡಾ ತೆಗೆದುಕೊಳ್ಳುತ್ತದೆ. ಯಾವ ಬಿಲ್ಡರ್ ಆದರೂ ಸರಿ, ಗ್ರಾಹಕರ ಕಾರ್ಡ್ ನಂಬರನ್ನು ಮಾಮೂಲಿ ಫಾರ್ಮ್‌ನಲ್ಲಿ ಬರೆಸಿಕೊಳ್ಳುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಹಣ ಪಡೆಯುವುದನ್ನು ಗೇಟ್‌ವೇಗೇ ಬಿಡಿ.

ಈಗ ನಿಮ್ಮ ಸೈಟ್‌ನ ಹೃದಯ ಅಂತ ನಾನು ನೋಡುವ ಭಾಗಕ್ಕೆ ಬರೋಣ: ವಿಚಾರಣೆಯ ಫಾರ್ಮ್. ಒಬ್ಬರು ನಿಮ್ಮ ಟೇಬಲ್‌ನ ಫೋಟೋ ನೋಡಿ ಮೆಚ್ಚಿದರು. ಮುಂದೇನು? ಅವರು ಬರೆದದ್ದು ನಿಮಗೆ ತಲುಪಬೇಕು. ಇಲ್ಲಿ ಸೋತರೆ ಉಳಿದದ್ದೆಲ್ಲ ದಂಡ. ಬಿಲ್ಡರ್ ಪರೀಕ್ಷಿಸುವಾಗ ಫಾರ್ಮ್ ಬಗ್ಗೆ ಇಷ್ಟನ್ನು ನೋಡಿ. ಗ್ರಾಹಕರು ತಮ್ಮ ಕೋಣೆಯ ಫೋಟೋವನ್ನೋ ಅಳತೆಯ ಚಿತ್ರವನ್ನೋ ಲಗತ್ತಿಸಲು ಬರುತ್ತದಾ? ಎಷ್ಟೋ ಕಡೆ ಈ ಸೌಲಭ್ಯ ಮೇಲಿನ ಪ್ಲಾನ್‌ನಲ್ಲಿ ಮಾತ್ರ ಇರುತ್ತದೆ. ತಿಂಗಳಿಗೆ ಇಷ್ಟೇ ಫಾರ್ಮ್ ಅನ್ನುವ ಮಿತಿ ಇದೆಯಾ? ಬಂದ ವಿಚಾರಣೆಗಳು ಇಮೇಲ್‌ಗೆ ಹೋಗುವುದರ ಜೊತೆಗೆ ಬಿಲ್ಡರ್‌ನ ಡ್ಯಾಶ್‌ಬೋರ್ಡ್‌ನಲ್ಲೂ ಉಳಿಯುತ್ತವಾ?

ಕೊನೆಯದು ತುಂಬಾ ಮುಖ್ಯ. ಫಾರ್ಮ್‌ನಿಂದ ಬರುವ ಇಮೇಲ್ ಬಿಲ್ಡರ್‌ನ ಸರ್ವರ್‌ನಿಂದ ಹೊರಡುತ್ತದೆ. ಇಮೇಲ್ ಸೇವೆಗಳು ಅದನ್ನು ಅನುಮಾನದಿಂದ ನೋಡಿ ಸ್ಪ್ಯಾಮ್‌ಗೆ ತಳ್ಳುವುದುಂಟು. ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಇಲ್ಲದಿದ್ದರೆ ಆ ಗ್ರಾಹಕರು ಕಳೆದುಹೋದಂತೆಯೇ. ಅವರಿಗೆ ನೀವು ಉತ್ತರ ಕೊಡದ ಒರಟರು ಅನಿಸುತ್ತದೆ, ನಿಮಗೆ ಅವರು ಬರೆದದ್ದೇ ಗೊತ್ತಿರುವುದಿಲ್ಲ. ವಾರಕ್ಕೊಮ್ಮೆ ನೀವೇ ಒಂದು ಫಾರ್ಮ್ ತುಂಬಿ ಕಳಿಸಿ ನೋಡಿ. ಫಾರ್ಮ್ ಪಕ್ಕದಲ್ಲಿ ಫೋನ್ ನಂಬರನ್ನೂ ಕೊಡಿ. ಅದನ್ನು ಚಿತ್ರವಾಗಿ ಹಾಕದೆ, ಮೊಬೈಲ್‌ನಲ್ಲಿ ಒತ್ತಿದರೆ ಕರೆ ಹೋಗುವ ಲಿಂಕ್ ಆಗಿ ಹಾಕಿ. ಮತ್ತೆ ಫಾರ್ಮ್‌ನಲ್ಲಿ ಪ್ರಶ್ನೆ ಜಾಸ್ತಿ ಬೇಡ. ಹೆಸರು, ಸಂಪರ್ಕ, ಏನು ಬೇಕು, ಅಳತೆ, ಫೋಟೋ. ಉಳಿದದ್ದು ಮಾತಿನಲ್ಲಿ ತಿಳಿಯುತ್ತದೆ.

ಟೆಂಪ್ಲೇಟ್ ಆರಿಸುವ ಹೊತ್ತಿಗೆ ಒಂದು ಸಂಗತಿ ನೆನಪಿರಲಿ. ವಿಕ್ಸ್‌ನಲ್ಲಿ ಒಂದು ಟೆಂಪ್ಲೇಟ್ ಮೇಲೆ ಸೈಟ್ ಕಟ್ಟಿದ ಮೇಲೆ ಅದೇ ಸೈಟ್‌ಗೆ ಬೇರೆ ಟೆಂಪ್ಲೇಟ್ ಹಾಕಲು ಬರುವುದಿಲ್ಲ, ಹೊಸದಾಗಿ ಶುರು ಮಾಡಬೇಕು. ವರ್ಡ್‌ಪ್ರೆಸ್, ಶಾಪಿಫೈಗಳಲ್ಲಿ ಥೀಮ್ ಬದಲಿಸಬಹುದು. ಹಾಗಾಗಿ ವಿಕ್ಸ್‌ನಲ್ಲಾದರೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆಯಿರಿ. ಟೆಂಪ್ಲೇಟ್‌ನಲ್ಲಿ ಇರುವ ಫೋಟೋಗಳನ್ನೆಲ್ಲ ತೆಗೆದು ನಿಮ್ಮ ಫೋಟೋ ಹಾಕಿ ನೋಡಿ. ಅವರದ್ದು ಒಳ್ಳೆಯ ಬೆಳಕಿನಲ್ಲಿ ವೃತ್ತಿಪರರು ತೆಗೆದದ್ದು. ನಿಮ್ಮ ವರ್ಕ್‌ಶಾಪ್ ಫೋಟೋ ಹಾಕಿದ ಮೇಲೂ ಪುಟ ಚೆನ್ನಾಗಿ ಕಂಡರೆ ಅದು ನಿಮಗೆ ಹೊಂದುವ ಟೆಂಪ್ಲೇಟ್.

ನೋಡುವುದನ್ನು ಮೊಬೈಲ್‌ನಲ್ಲೇ ನೋಡಿ. ಗೂಗಲ್ ಕೂಡ ಸೈಟ್‌ಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಳ್ಳುವಾಗ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದುತ್ತದೆ. ವಿಕ್ಸ್‌ನ ಮಾಮೂಲಿ ಎಡಿಟರ್‌ನಲ್ಲಿ ಕಂಪ್ಯೂಟರ್ ರೂಪ, ಮೊಬೈಲ್ ರೂಪ ಎರಡನ್ನೂ ಬೇರೆ ಬೇರೆಯಾಗಿ ಸರಿಪಡಿಸಬೇಕಾಗುತ್ತದೆ. ಒಂದರಲ್ಲಿ ಸರಿಮಾಡಿ ಇನ್ನೊಂದನ್ನು ಮರೆಯುವುದು ಸುಲಭ. ಸ್ಕ್ವೇರ್‌ಸ್ಪೇಸ್‌ನಲ್ಲಿ ಬಣ್ಣ, ಅಂತರ, ಅಕ್ಷರಗಳೆಲ್ಲ ಒಂದು ಶಿಸ್ತಿನಲ್ಲಿ ಇರುತ್ತವೆ. ಅದರ ಚೌಕಟ್ಟು ಬಿಗಿ. ಡಿಸೈನ್ ಅಭ್ಯಾಸ ಇಲ್ಲದವರಿಗೆ ಆ ಬಿಗಿಯೇ ಉಪಕಾರ ಅಂತ ನನ್ನ ಅನಿಸಿಕೆ. ಫೋಟೋಗಳೇ ಮಾತಾಡಬೇಕಾದ ನಿಮ್ಮಂಥ ಕೆಲಸಕ್ಕೆ ನಾನು ಸ್ಕ್ವೇರ್‌ಸ್ಪೇಸ್ ಕಡೆಗೇ ಸ್ವಲ್ಪ ವಾಲುತ್ತೇನೆ. ಚೌಕಟ್ಟು ಉಸಿರುಗಟ್ಟಿಸುತ್ತದೆ ಅನಿಸಿದರೆ ವಿಕ್ಸ್. ವೆಬ್‌ಫ್ಲೋ ಇವೆರಡಕ್ಕಿಂತ ಶಕ್ತಿಶಾಲಿ, ಆದರೆ ಪುಟದ ಒಳರಚನೆ ತಿಳಿದವರ ಕೈಗೆ ಅದು ಒಗ್ಗುತ್ತದೆ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಸೈಟ್ ಕನ್ನಡದಲ್ಲೂ ಇರಬೇಕು ಅಂತಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಒತ್ತಕ್ಷರ ಜಾಸ್ತಿ ಇರುವ ಎರಡು ಸಾಲಿನ ಶೀರ್ಷಿಕೆಯೊಂದನ್ನು ಟೆಂಪ್ಲೇಟ್‌ನಲ್ಲಿ ಹಾಕಿ. ಟೆಂಪ್ಲೇಟ್‌ನ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇರುವುದು ಕಡಿಮೆ. ಆಗ ಬ್ರೌಸರ್ ಸಿಕ್ಕಿದ ಬೇರೆ ಫಾಂಟ್ ತೋರಿಸುತ್ತದೆ. ಸಾಲುಗಳ ನಡುವಿನ ಅಂತರ ಇಂಗ್ಲಿಷ್‌ಗೆ ಅಳೆದು ಇಟ್ಟದ್ದು, ಹಾಗಾಗಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ ಅಥವಾ ಕತ್ತರಿಸಿ ಹೋಗುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಆರಿಸಲು, ಸಾಲಿನ ಅಂತರ ಹೆಚ್ಚಿಸಲು ಆ ಬಿಲ್ಡರ್ ಬಿಡುತ್ತದಾ ಅಂತ ಹಣ ಕಟ್ಟುವ ಮೊದಲೇ ತಿಳಿದುಕೊಳ್ಳಿ.

ವೇಗದ ವಿಷಯದಲ್ಲಿ ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಫೋಟೋಗಳು. ಫೋನ್‌ನಿಂದ ನೇರವಾಗಿ ಬಂದ ಒಂದು ಫೋಟೋ ಹಲವು ಎಂಬಿ ಇರುತ್ತದೆ. ಅಗಲ 1600ರಿಂದ 2000 ಪಿಕ್ಸೆಲ್‌ಗೆ ಇಳಿಸಿ ಹಾಕಿದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಪುಟ ಹಗುರವಾಗುತ್ತದೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಉಚಿತ ಸಾಧನದಲ್ಲಿ ಸೈಟ್‌ನ ವಿಳಾಸ ಹಾಕಿ ನೋಡಿ. ಪುಟದ ದೊಡ್ಡ ಭಾಗ ಕಾಣಿಸಿಕೊಳ್ಳಲು 2.5 ಸೆಕೆಂಡ್‌ಗಿಂತ ಜಾಸ್ತಿ ಹಿಡಿಯಬಾರದು ಅನ್ನುವುದು ಗೂಗಲ್ ಇಟ್ಟುಕೊಂಡಿರುವ ಅಳತೆ. ಬಿಲ್ಡರ್ ಆರಿಸುವಾಗಲೂ ಇದೇ ಸಾಧನ ಕೆಲಸಕ್ಕೆ ಬರುತ್ತದೆ. ಆ ಬಿಲ್ಡರ್‌ನಲ್ಲಿ ಮಾಡಿದ, ನಿಮ್ಮದರಂತೆಯೇ ಫೋಟೋ ತುಂಬಿದ ನಾಲ್ಕೈದು ನಿಜವಾದ ಸೈಟ್‌ಗಳನ್ನು ಹುಡುಕಿ, ಅವುಗಳ ವಿಳಾಸ ಹಾಕಿ ಪರೀಕ್ಷಿಸಿ. ಮಾರಾಟದವರ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಖರ್ಚಿನ ಲೆಕ್ಕವನ್ನು ಒಂದು ತಿಂಗಳಿಗೆ ಹಾಕದೆ ಮೂರು ವರ್ಷಕ್ಕೆ ಹಾಕಿ. ಮೊದಲ ವರ್ಷದ ರಿಯಾಯಿತಿ ಕಳೆದ ಮೇಲಿನ ದರ ಎಷ್ಟು? ದೊಡ್ಡ ಅಕ್ಷರದಲ್ಲಿ ತೋರಿಸುವ ತಿಂಗಳ ದರ ಸಾಮಾನ್ಯವಾಗಿ ಇಡೀ ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಅನ್ವಯಿಸುವಂಥದ್ದು. ಡೊಮೈನ್, ಇಮೇಲ್, ಬೇಕಾದ ಆ್ಯಪ್‌ಗಳು, ಎರಡನೇ ಭಾಷೆ, ಎರಡನೇ ಲಾಗಿನ್, ಇವೆಲ್ಲಕ್ಕೂ ಬೇರೆ ಹಣ ಇರಬಹುದು. ಲಾಗಿನ್ ಸಂಖ್ಯೆಯನ್ನು ಖಂಡಿತ ನೋಡಿ. ಒಂದೇ ಪಾಸ್‌ವರ್ಡನ್ನು ತಂಡದವರೆಲ್ಲ ಹಂಚಿಕೊಂಡರೆ ಒಬ್ಬರು ಬಿಟ್ಟು ಹೋದಾಗ ತೊಂದರೆ.

ಇಷ್ಟೆಲ್ಲ ತಿಳಿದ ಮೇಲೂ ಆಯ್ಕೆ ಗಟ್ಟಿಯಾಗುವುದು ಕೈಯಾಡಿಸಿದಾಗಲೇ. ವಿಕ್ಸ್, ಸ್ಕ್ವೇರ್‌ಸ್ಪೇಸ್ ಎರಡರಲ್ಲೂ ಹಣ ಕೊಡದೆ ಪ್ರಯತ್ನಿಸಬಹುದು. ಮುಖಪುಟ ಮಾಡುತ್ತಾ ಕೂರಬೇಡಿ, ಅದು ಎಲ್ಲ ಕಡೆ ಸುಲಭ. ನಿಮಗೆ ಕಷ್ಟ ಅನಿಸುವ ಪುಟವನ್ನೇ ಮಾಡಿ: ಒಂದು ಮಂಚದ ಪುಟ, ಅದರ ಎಂಟು ಫೋಟೋ, ಅಳತೆಗಳ ಪಟ್ಟಿ, ಮರದ ವಿವರ, ಕೆಳಗೆ ಫಾರ್ಮ್. ಆಮೇಲೆ ಮುಂದೆ ಸೈಟ್ ನೋಡಿಕೊಳ್ಳಬೇಕಾದವರನ್ನು ಕೂರಿಸಿ. ನೀವು ಏನೂ ಹೇಳಿಕೊಡದೆ, ಒಂದು ಫೋಟೋ ಬದಲಿಸಿ ಒಂದು ಅಳತೆ ತಿದ್ದಲು ಹೇಳಿ. ಯಾವುದರಲ್ಲಿ ಅವರು ತಡವರಿಸದೆ ಮಾಡಿದರೋ ಅದನ್ನೇ ಕೊಂಡುಕೊಳ್ಳಿ. ಎಷ್ಟೋ ಸೈಟ್‌ಗಳು ಶುರುವಾದ ದಿನ ಹೇಗಿದ್ದವೋ ಹಾಗೇ ಹಳತಾಗಿ ನಿಂತಿರುತ್ತವೆ. ಚಿಕ್ಕ ತಿದ್ದುಪಡಿಗೂ ಒಬ್ಬರನ್ನು ಕಾಯಬೇಕಾದಾಗ ಆಗುವುದು ಹೀಗೆಯೇ.

ಉಚಿತ ಪ್ಲಾನ್ ಕಲಿಯಲು ಬಳಸಿ, ವ್ಯಾಪಾರಕ್ಕೆ ಬೇಡ. ಅಲ್ಲಿ ಬಿಲ್ಡರ್‌ನ ಜಾಹೀರಾತು ಇರುತ್ತದೆ, ವಿಳಾಸವೂ ಬಿಲ್ಡರ್‌ನ ಹೆಸರಿನ ಕೆಳಗೆ ಇರುತ್ತದೆ. ಆ ವಿಳಾಸವನ್ನು ನೀವು ವಿಸಿಟಿಂಗ್ ಕಾರ್ಡ್ ಮೇಲೆ ಅಚ್ಚು ಹಾಕಿಸುತ್ತೀರಿ, ಗ್ರಾಹಕರು ಹಂಚಿಕೊಳ್ಳುತ್ತಾರೆ, ಗೂಗಲ್ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಬೇರೆ ಬಿಲ್ಡರ್‌ಗೆ ಹೋದರೆ ಅಷ್ಟೂ ನಷ್ಟ. ಸ್ವಂತ ಡೊಮೈನ್ ಇದ್ದರೆ ಹಳೆಯ ಪುಟದ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳಿಸಬಹುದು. ಅದಕ್ಕೆ 301 ರಿಡೈರೆಕ್ಟ್ ಅನ್ನುತ್ತಾರೆ. ಹಣ ಈಗ ತೀರಾ ಬಿಗಿಯಾಗಿದ್ದರೆ ಗೂಗಲ್ ಸೈಟ್ಸ್ ಇದೆ. ಅದು ತುಂಬಾ ಸರಳ, ಉಚಿತ, ಸ್ವಂತ ಡೊಮೈನ್ ಜೋಡಿಸಲೂ ಬಿಡುತ್ತದೆ. ಡೊಮೈನ್‌ಗೆ ಮಾತ್ರ ಖರ್ಚು ಮಾಡಿ ಅಲ್ಲಿ ನಾಲ್ಕು ಪುಟ ಇಟ್ಟುಕೊಳ್ಳುವುದು, ಉಚಿತ ಪ್ಲಾನ್‌ನ ಎರವಲು ವಿಳಾಸಕ್ಕಿಂತ ಒಳ್ಳೆಯದು.

ಎಐ ಬಗ್ಗೆ ಕೇಳಿದ್ದೀರಿ. ಕೆಲವು ಪ್ರಶ್ನೆ ಕೇಳಿ ತಾನೇ ಸೈಟ್ ಜೋಡಿಸಿಕೊಡುವ ಸೌಲಭ್ಯ ವಿಕ್ಸ್‌ನಲ್ಲಿ 2016ರಲ್ಲೇ ಬಂದಿತ್ತು. ಈಗ ಹಲವು ಬಿಲ್ಡರ್‌ಗಳಲ್ಲಿ ಇನ್ನೂ ಚುರುಕಾದದ್ದು ಸಿಗುತ್ತದೆ. ಖಾಲಿ ಪುಟದ ಮುಂದೆ ಕೂತು ಏನು ಮಾಡಲಿ ಅಂತ ಯೋಚಿಸುವ ಹೊತ್ತನ್ನು ಅದು ಉಳಿಸುತ್ತದೆ, ಆ ಮಟ್ಟಿಗೆ ಧಾರಾಳವಾಗಿ ಬಳಸಿ. ಆದರೆ ಅದು ಬರೆದ ಪ್ರತಿ ವಾಕ್ಯವನ್ನೂ ಓದಿ. ನೀವು ಕೊಡದ ಗ್ಯಾರಂಟಿ, ಇಲ್ಲದ ಅನುಭವದ ವರ್ಷಗಳು, ಯಾರೂ ಹೇಳದ ಹೊಗಳಿಕೆಗಳನ್ನು ಅದು ಸಲೀಸಾಗಿ ಬರೆದುಬಿಡುತ್ತದೆ. ನಿಮ್ಮ ಸೈಟ್ ಮೇಲಿನ ಮಾತಿಗೆ ಗ್ರಾಹಕರ ಮುಂದೆ ಉತ್ತರ ಹೇಳಬೇಕಾದವರು ನೀವು. ಫೋಟೋಗಳಿಗಂತೂ ಎಐ ಬೇಡವೇ ಬೇಡ. ನೀವು ಮಾಡದ ಕುರ್ಚಿಯ ಚಿತ್ರ ನಿಮ್ಮ ಸೈಟ್‌ನಲ್ಲಿ ಇರಬಾರದು. ಹಾಗೇ, ಎಐ ಕಟ್ಟಿಕೊಟ್ಟ ಸೈಟ್ ಆದರೂ ಅದು ಕೂರುವುದು ಅದೇ ಬಿಲ್ಡರ್‌ನೊಳಗೆ. ಡೊಮೈನ್, ಮೂಲ ಬರಹ, ಫೋಟೋ, ಹೊರಬರುವ ದಾರಿಯ ಬಗ್ಗೆ ಮೇಲೆ ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಸೈಟ್ ತೆರೆದ ದಿನ ಮರೆಯದೆ ಮಾಡಬೇಕಾದ ಎರಡು ಕೆಲಸ ಇವೆ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ (ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಸಾಧನ) ನಿಮ್ಮ ಡೊಮೈನ್ ಸೇರಿಸಿ. ಡಿಎನ್‌ಎಸ್‌ನಲ್ಲಿ ಒಂದು ಸಾಲು ಹಾಕಿ ಮಾಲೀಕತ್ವ ತೋರಿಸಿದರೆ ಮುಂದೆ ಬಿಲ್ಡರ್ ಬದಲಾದರೂ ಆ ನೋಂದಣಿ ಹಾಗೇ ಉಳಿಯುತ್ತದೆ. ಆಮೇಲೆ ಈಗಿನ ಸೋಷಿಯಲ್ ಮೀಡಿಯಾ ಪೇಜ್‌ನಲ್ಲಿ ಹೊಸ ವಿಳಾಸ ಹಾಕಿ. ಆ ಪೇಜನ್ನು ಮಾತ್ರ ಮುಚ್ಚಬೇಡಿ, ನಿಮ್ಮ ಮೊದಲ ಗ್ರಾಹಕರು ಸೈಟ್‌ಗೆ ಬರುವುದು ಅಲ್ಲಿಂದಲೇ.